ತಡವಾಗಿ ಬಂದು, ಹೋಗಲೊಲ್ಲದ ಬಾವು

ನನ್ನ ಸೋದರತ್ತೆ ಎರಡು ವರ್ಷ ಬಲಗಡೆಯಿಂದಷ್ಟೇ ಅಗಿದು ಉಂಡರು. ಎಡಗಡೆ ಕೆಳದವಡೆಯ ಹಲ್ಲೊಂದು ಬೇರಿನ ತನಕ ಹುಳುಕಾಗಿತ್ತು. ತಿಂಗಳು ಎರಡು ತಿಂಗಳಿಗೊಮ್ಮೆ ವಸಡು ಊದುವುದು, ಕೀವು ತುಂಬುವುದು, ತಾನೇ ಒಡೆದು ಇಳಿಯುವುದು ನಡೆದೇ ಇತ್ತು. ‘ಕೀಳಿಸಿಬಿಡಿ ಅತ್ತೆ’ ಅಂದರೆ ಉತ್ತರ ಸಿದ್ಧವಿರುತ್ತಿತ್ತು: ‘ನಂಗೆ ಶುಗರ್ ಇದೆಯಲ್ಲೋ, ಕಿತ್ರೆ ಗಾಯ ಮಾಯಲ್ಲ.’

ಅತ್ತೆಯ ಭಯಕ್ಕೆ ಆಧಾರವಿತ್ತು. ಆದರೆ ಅವರಿಗೆ ಯಾರೂ ಹೇಳದೇ ಬಿಟ್ಟ ಸಂಗತಿಯೊಂದಿದೆ. ಶುಗರಿಗೆ ಹೆದರಿ ಉಳಿಸಿಕೊಂಡ ಆ ಹಲ್ಲೂ ಅವರ ಶುಗರ್ ಏರುವುದಕ್ಕೆ ತನ್ನ ಪಾಲು ಸೇರಿಸುತ್ತಿತ್ತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಅತ್ತೆಯ ಹಾಗೆ ಒಂದೇ ಕಡೆ ಅಗಿದು ಉಣ್ಣುವವರು ಎಷ್ಟೋ ಮನೆಗಳಲ್ಲಿ ಇದ್ದಾರೆ.

ಹಲ್ಲು ಕಿತ್ತ ಮೇಲೆ ದವಡೆಯ ಮೂಳೆಯಲ್ಲಿ ಬೇರಿನ ಆಕಾರದ ಗುಳಿ ಉಳಿಯುತ್ತದೆ. ಡಾಕ್ಟರು ಹತ್ತಿ ಕಚ್ಚಿಸಿ ಅರ್ಧ ಮುಕ್ಕಾಲು ಗಂಟೆ ಕೂರಿಸುವುದು ಅಲ್ಲಿ ರಕ್ತ ಹೆಪ್ಪುಗಟ್ಟಲಿ ಎಂದು. ಮುಂದೆ ನಡೆಯುವ ಕಟ್ಟೋಣಕ್ಕೆಲ್ಲ ಆ ಹೆಪ್ಪೇ ಅಟ್ಟಣಿಗೆ. ಮೊದಲ ದಿನ ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಹೀರಬೇಡಿ, ಬೀಡಿ ಸಿಗರೇಟು ಮುಟ್ಟಬೇಡಿ ಎನ್ನುವುದು ಅದಕ್ಕಾಗಿಯೇ. ಹೆಪ್ಪು ಕಳಚಿಬಿದ್ದರೆ ಮೂಳೆ ಬರಿದಾಗುತ್ತದೆ, ಎರಡು ಮೂರು ದಿನಕ್ಕೆ ಕಿವಿಯ ತನಕ ಹಿಂಡುವ ನೋವು ಶುರುವಾಗುತ್ತದೆ.

ಹೆಪ್ಪುಗಟ್ಟಿದ ಕೆಲವೇ ಗಂಟೆಗಳಲ್ಲಿ ಬಾವು ಬರುತ್ತದೆ. ಕೆಂಪು, ಬಿಸಿ, ಊತ, ನೋವು ಎಂದು ಅದರ ನಾಲ್ಕು ಗುರುತುಗಳನ್ನು ರೋಮಿನ ಸೆಲ್ಸಸ್ ಒಂದನೇ ಶತಮಾನದಲ್ಲೇ ಬರೆದಿಟ್ಟಿದ್ದ. ನಾವು ಬಾವನ್ನು ಕಂಡರೆ ಹೆದರುತ್ತೇವೆ. ಆದರೆ ಆರೋಗ್ಯವಂತರ ಬಾಯಲ್ಲಿ ಅದು ಗಾಯ ಮಾಯುವುದರ ಮೊದಲ ಹಂತ. ರಕ್ತನಾಳಗಳು ಹಿಗ್ಗುತ್ತವೆ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನಾಳದ ಗೋಡೆಯಿಂದ ನುಸುಳಿ ಬಂದು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ಎರಡು ಮೂರು ದಿನದಲ್ಲಿ ಅವುಗಳ ಜಾಗಕ್ಕೆ ಮ್ಯಾಕ್ರೋಫೇಜ್‌ಗಳು ಬರುತ್ತವೆ. ಇವು ಮೊದಲು ಸತ್ತ ಕಣಗಳನ್ನು ಗುಡಿಸಿ ಹಾಕುತ್ತವೆ, ಆಮೇಲೆ ತಮ್ಮ ಸ್ವಭಾವವನ್ನೇ ಬದಲಿಸಿಕೊಂಡು ಹೊಸ ರಕ್ತನಾಳ, ಹೊಸ ಅಂಗಾಂಶ ಬೆಳೆಯಲು ಸಂದೇಶ ಕಳಿಸುತ್ತವೆ. ಈ ಹೊತ್ತಿಗೆ ಗುಳಿಯ ಮೇಲೆ ಬಿಳಿ ಹಳದಿ ಪೊರೆಯೊಂದು ಕಾಣಿಸಿಕೊಳ್ಳುತ್ತದೆ. ಕೀವೆಂದು ಗಾಬರಿಯಾಗಿ ಅದನ್ನು ಕಡ್ಡಿಯಿಂದ ಕೆರೆದು ತೆಗೆದವರನ್ನು ನೋಡಿದ್ದೇನೆ. ದಯವಿಟ್ಟು ಮುಟ್ಟಬೇಡಿ. ಕೆಟ್ಟ ವಾಸನೆ, ಜ್ವರ, ಏರುತ್ತಲೇ ಹೋಗುವ ನೋವು ಇಲ್ಲದಿದ್ದರೆ ಅದು ಬಹುಮಟ್ಟಿಗೆ ಫೈಬ್ರಿನ್ ಎಂಬ ಎಳೆಗಳ ಜಾಲ, ಹೊಸ ಚರ್ಮಕ್ಕೆ ಹಾಸಿದ ಚಾಪೆ.

ಬಾವು ತಾನಾಗಿ ಉರಿದು ಆರಿಹೋಗುತ್ತದೆ ಎಂದೇ ಬಹುಕಾಲ ತಿಳಿಯಲಾಗಿತ್ತು. ಹಾಗಲ್ಲ, ಅದನ್ನು ಆರಿಸುವ ಅಣುಗಳನ್ನು ದೇಹವೇ ತಯಾರಿಸುತ್ತದೆ ಎಂದು ಬಾಸ್ಟನ್ನಿನ ಚಾರ್ಲ್ಸ್ ಸೆರ್ಹಾನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಒಮೆಗಾ-3 ಕೊಬ್ಬಿನಿಂದ ಹುಟ್ಟುವ ಅಂಥ ಅಣುಗಳಿಗೆ ಅವರು ರೆಸಾಲ್ವಿನ್ ಎಂದು ಹೆಸರಿಟ್ಟರು. ಅಂದರೆ ಬಾವಿಗೆ ಬರುವ ಹೊತ್ತೂ ಇದೆ, ಹೋಗುವ ಹೊತ್ತೂ ಇದೆ. ಸಕ್ಕರೆ ಕಾಯಿಲೆ ಕೆಡಿಸುವುದು ಈ ಎರಡು ಹೊತ್ತುಗಳನ್ನು.

ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ನ್ಯೂಟ್ರೋಫಿಲ್‌ಗಳು ಗಾಯದತ್ತ ಸಾಗುವುದೇ ನಿಧಾನ, ಬಂದರೂ ನುಂಗುವ ಕಸುವು ಕಡಿಮೆ. ಬ್ಯಾಕ್ಟೀರಿಯಾಗಳಿಗೆ ಬೇರೂರಲು ಅಷ್ಟು ಹೊತ್ತು ಸಾಕು. ಆಮೇಲೆ ಬಂದ ಬಾವು ಹೊರಡುವುದೇ ಇಲ್ಲ. ಮ್ಯಾಕ್ರೋಫೇಜ್‌ಗಳು ಕಾದಾಟದ ಸ್ವಭಾವ ಬಿಟ್ಟು ಕಟ್ಟುವ ಕೆಲಸಕ್ಕೆ ತಿರುಗಲು ತಡಮಾಡುತ್ತವೆ. ನ್ಯೂಟ್ರೋಫಿಲ್‌ಗಳಿಗೆ ಇನ್ನೊಂದು ಅಸ್ತ್ರವಿದೆ. ತಮ್ಮದೇ ಡಿಎನ್‌ಎಯನ್ನು ಬಲೆಯಂತೆ ಹೊರಚೆಲ್ಲಿ ಶತ್ರುವನ್ನು ಸಿಕ್ಕಿಸುವುದು. ಮಧುಮೇಹದಲ್ಲಿ ಈ ಬಲೆಗಳು ಅತಿಯಾಗಿ ಬಿದ್ದು ಗಾಯವನ್ನೇ ಮಾಯಗೊಡುವುದಿಲ್ಲ ಎಂದು 2015ರಲ್ಲಿ ಬಾಸ್ಟನ್ನಿನಲ್ಲೇ ಡೆನಿಸಾ ವ್ಯಾಗ್ನರ್ ಅವರ ತಂಡ ಇಲಿಗಳಲ್ಲಿ ಕಂಡಿತು.

ಸಕ್ಕರೆ ಇಷ್ಟೆಲ್ಲ ಕೆಡಿಸುವುದು ಹೇಗೆ? ಒಂದು ದಾರಿ ನಮ್ಮ ಅಡುಗೆಮನೆಯಲ್ಲೇ ಕಾಣುತ್ತದೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುವುದು ಸಕ್ಕರೆಯ ಅಣುಗಳು ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ. ಫ್ರೆಂಚ್ ವಿಜ್ಞಾನಿ ಮಯಾರ್ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದ. ಒಲೆಯಿಲ್ಲದೆ, ಬಲು ನಿಧಾನವಾಗಿ, ಅದು ನಮ್ಮ ಮೈಯಲ್ಲೂ ನಡೆಯುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಹೆಚ್ಚು ನಡೆಯುತ್ತದೆ. ವಸಡನ್ನು ಹಿಡಿದಿಟ್ಟ ಕೊಲಾಜೆನ್ ಎಳೆಗಳಿಗೆ ಸಕ್ಕರೆ ಅಂಟಿದರೆ ಅವು ಬಿರುಸಾಗುತ್ತವೆ, ಹಳೆಯದು ಹೋಗಿ ಹೊಸದು ಬರುವುದು ಕಷ್ಟವಾಗುತ್ತದೆ. ಹೀಗೆ ಹುಟ್ಟಿದ ವಸ್ತುಗಳು ಜೀವಕೋಶಗಳ ಮೈಮೇಲಿನ ಗ್ರಾಹಕಗಳನ್ನು ತಟ್ಟಿ, ಬಾವು ಮುಂದುವರಿಯಲಿ ಎಂಬ ಸಂದೇಶವನ್ನೂ ಕೊಡುತ್ತವೆ. ಜೊತೆಗೆ ಸಣ್ಣ ರಕ್ತನಾಳಗಳ ಗೋಡೆ ದಪ್ಪಗಾಗುತ್ತದೆ. ಬಾಯಿ ಒಣಗಿ, ಗಾಯವನ್ನು ತೊಳೆದು ಕಾಯಬೇಕಾದ ಜೊಲ್ಲೂ ಕಡಿಮೆಯಾಗುತ್ತದೆ.

‘ಮೂರು ತಿಂಗಳ ಶುಗರ್’ ಎಂದು ಎಲ್ಲರೂ ಕರೆಯುವ ಎಚ್‌ಬಿಎ1ಸಿ ಅಳೆಯುವುದೂ ಇಂಥ ಅಂಟನ್ನೇ, ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು. ಆ ಕಣದ ಆಯುಸ್ಸು ಸುಮಾರು 120 ದಿನ, ಹಾಗಾಗಿ ಹಿಂದಿನ ರಾತ್ರಿ ಉಪವಾಸವಿದ್ದು ಈ ಲೆಕ್ಕವನ್ನು ತಿದ್ದಲಾಗದು. ಇದು 7ರ ಆಸುಪಾಸು ಇದ್ದವರಿಗೆ ಒಂದು ಹಲ್ಲು ಕೀಳಿಸಲು ಅಷ್ಟೇನೂ ಅಂಜಬೇಕಿಲ್ಲ, ಅವರ ಗಾಯ ಬಹುಪಾಲು ಎಲ್ಲರ ಗಾಯದಂತೆಯೇ ಮಾಯುತ್ತದೆ. 8 ದಾಟಿದ್ದರೆ, ಅವಸರವಿಲ್ಲದ ಕೆಲಸವನ್ನು ಅನೇಕ ದಂತವೈದ್ಯರು ಮುಂದೂಡಿ ಮೊದಲು ಶುಗರ್ ಇಳಿಸಿಕೊಂಡು ಬನ್ನಿ ಎನ್ನುತ್ತಾರೆ. ಆದರೆ ಕೀವು ತುಂಬಿ, ಜ್ವರ ಬಂದು, ಮುಖ ಊದಿದ್ದರೆ ಲೆಕ್ಕವೇ ಬೇರೆ. ಕೀವನ್ನು ಆಗಲೇ ಹೊರತೆಗೆಯಬೇಕು. ಅಂಥ ಸೋಂಕು ಒಳಗಿರುವಷ್ಟು ದಿನ ಯಾವ ಮಾತ್ರೆಯಿಂದಲೂ ಶುಗರ್ ಸುಲಭಕ್ಕೆ ಬಗ್ಗುವುದಿಲ್ಲ.

ಈ ಹಿಂತಿರುಗು ದಾರಿಯೇ ಅತ್ತೆಗೆ ಯಾರೂ ಹೇಳದೇ ಬಿಟ್ಟದ್ದು. ಬಾಯಲ್ಲಿ ಬಹುಕಾಲ ನಿಂತ ಬಾವಿನಿಂದ ಹೊರಟ ರಾಸಾಯನಿಕಗಳು ರಕ್ತಕ್ಕೆ ಸೇರಿ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತವೆ. ನಾರ್ವೆ ಮೂಲದ ಹೆರಾಲ್ಡ್ ಲೋ 1993ರಲ್ಲೇ ವಸಡಿನ ರೋಗವನ್ನು ಮಧುಮೇಹದ ಆರನೆಯ ತೊಡಕು ಎಂದು ಕರೆದಿದ್ದರು, ಕಣ್ಣು ಮೂತ್ರಪಿಂಡಗಳ ಸಾಲಿನಲ್ಲಿ ಬಾಯನ್ನೂ ಕೂರಿಸಿದ್ದರು. ವಸಡಿಗೆ ಸರಿಯಾದ ಚಿಕಿತ್ಸೆ ಕೊಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆ ಎಂದು 2022ರ ಕಾಕ್ರೇನ್ ವಿಮರ್ಶೆ ಹೇಳಿತು. ಹಲ್ಲು ಉಜ್ಜಿ ವಸಡು ಶುಚಿ ಮಾಡಿಸುವುದರಿಂದ ಇಷ್ಟು ಸಿಗುವುದಾದರೆ ನನ್ನ ಮಟ್ಟಿಗೆ ಅದು ದೊಡ್ಡ ಲಾಭ.

ಅತ್ತೆ ಕೊನೆಗೂ ಒಪ್ಪಿದರು. ಕೀಳಿಸುವ ದಿನ ಬೆಳಿಗ್ಗೆ ಮಾತ್ರೆ ನುಂಗಿ, ತಿಂಡಿ ತಿನ್ನದೆ ಹೊರಟು ನಿಂತಿದ್ದರು. ಆಪರೇಷನ್ ಅಂದರೆ ಬರೀ ಹೊಟ್ಟೆ ಎಂಬ ಲೆಕ್ಕ ಅವರದು. ದವಡೆಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಡುವಾಗ ಉಪವಾಸ ಬೇಕಿಲ್ಲ. ಮಾತ್ರೆಯೂ ಒಳಗೆ, ಊಟವೂ ಇಲ್ಲ, ಕಿತ್ತ ಮೇಲೆ ಎರಡು ಮೂರು ಗಂಟೆ ಬಾಯಿ ಮರಗಟ್ಟಿ ಏನೂ ತಿನ್ನಲಾಗದು ಅಂದರೆ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ಶುಗರ್ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು. ಬಲವಂತ ಮಾಡಿ ಎರಡು ಇಡ್ಲಿ ತಿನ್ನಿಸಿ ಕರೆದುಕೊಂಡು ಹೋದೆವು. ಐಸ್‌ಕ್ರೀಮ್ ತಿನ್ನಿ ಎಂದು ಎಲ್ಲರಿಗೂ ಹೇಳುವ ಡಾಕ್ಟರು ಇವರಿಗೆ ತಣ್ಣನೆಯ ಮೊಸರನ್ನ, ಆರಿದ ರಾಗಿ ಗಂಜಿ ಎಂದರು. ಅಲ್ಲಿ ಬೇಕಿದ್ದದ್ದು ತಂಪು, ಸಿಹಿಯಲ್ಲ. ಎಲೆಯಡಿಕೆಯನ್ನು ಪೂರಾ ಬಿಡಿಸಿದರು. ಮಾರನೆಯ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಮೆಲ್ಲಗೆ ಹಿಡಿದು ಬಿಡುವುದು ಮಾತ್ರ. ಮೇಲ್ದವಡೆಯಲ್ಲಿ ಕಿತ್ತವರಿಗೆ ಡಾಕ್ಟರು ಇನ್ನೊಂದನ್ನೂ ಹೇಳುತ್ತಾರಂತೆ: ಗಾಯ ಕಪ್ಪಾದರೆ, ಕೆನ್ನೆ ಮರಗಟ್ಟಿದರೆ ಒಂದು ದಿನವೂ ಕಾಯಬೇಡಿ. 2021ರಲ್ಲಿ ಕರ್ನಾಟಕದ ಆಸ್ಪತ್ರೆಗಳಿಗೆ ಕಪ್ಪು ಶಿಲೀಂಧ್ರದ ರೋಗಿಗಳು ಬಂದುದನ್ನು ಕಂಡವರಿಗೆ ಆ ಮಾತಿನ ತೂಕ ಗೊತ್ತು.

ಮೂರು ವಾರದ ಹೊತ್ತಿಗೆ ಅತ್ತೆಯ ಗುಳಿಯ ಬಾಯಿ ಮುಚ್ಚಿತ್ತು. ನಾಲಿಗೆಯ ತುದಿಯಿಂದ ಮತ್ತೆ ಮತ್ತೆ ಸವರಿ ನೋಡಿಕೊಂಡು, ‘ಮಾಯ್ತು ಕಣೋ’ ಎಂದರು. ನಾಲಿಗೆಗೆ ಸಿಗುವುದು ಮೇಲಿನ ಚರ್ಮ ಮಾತ್ರ. ಅದರ ಕೆಳಗೆ ಹೆಪ್ಪಿನ ಜಾಗದಲ್ಲಿ ಎಳೆಯ ಮೂಳೆ ಆಗತಾನೇ ಹೆಣೆದುಕೊಳ್ಳುತ್ತಿತ್ತು, ಅದು ಗಟ್ಟಿಯಾಗಲು ಇನ್ನೂ ನಾಲ್ಕೈದು ತಿಂಗಳಿತ್ತು.