ಮಗುವಿನ ಓಟಕ್ಕೆ ಮಗುವಿನದೇ ಅಳತೆ

ಮಣ್ಣಿನ ದಿಬ್ಬಗಳ ಮೇಲೆ ಪುಟ್ಟ ಪುಟ್ಟ ಬೈಕುಗಳು ಹಾರುತ್ತಾ ಬರುತ್ತವೆ. ಓಟ ಮುಗಿದೊಡನೆ ಏಳು ವರ್ಷದ ಹುಡುಗನೊಬ್ಬ ಹೆಲ್ಮೆಟ್ ತೆಗೆದು ಮೊದಲು ತಂದೆಯ ಮುಖ ನೋಡುತ್ತಾನೆ. ಅಲ್ಲಿ ನಗು ಕಂಡರೆ ಅವನಿಗೆ ಆಟ. ಸಿಟ್ಟು ಕಂಡರೆ ಅದೇ ಬೈಕು ಅವನಿಗೊಂದು ಶಿಕ್ಷೆ.

ಇದು ಮೋಟೋಕ್ರಾಸ್. 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ನಡೆದ ಸ್ಪರ್ಧೆಯಿಂದ ಬೆಳೆದು ಬಂದ ಕ್ರೀಡೆ. ಅಮೆರಿಕದಲ್ಲಿ ನಾಲ್ಕೈದು ವರ್ಷದ ಮಕ್ಕಳೂ 50 ಸಿಸಿ ಬೈಕಿನಲ್ಲಿ ಸ್ಪರ್ಧಿಸುತ್ತಾರೆ. ಬಳಿಕ 65, 85 ಸಿಸಿ ಎಂದು ಮೆಟ್ಟಿಲು ಏರುತ್ತಾರೆ. ಕೆಲವು ಕುಟುಂಬಗಳು ಮಗುವನ್ನು ಶಾಲೆ ಬಿಡಿಸಿ, ಮನೆಯಲ್ಲೇ ಓದಿಸಿ, ಇಡೀ ಬದುಕನ್ನೇ ಟ್ರ್ಯಾಕಿಗೆ ಕಟ್ಟಿಬಿಡುತ್ತವೆ. ಬೇಲಿಯಾಚೆ ನಿಂತು ಮಗನ ಮೇಲೆ ಕೂಗಾಡುವ ತಂದೆಯರಿಗೆ ಅಲ್ಲಿ 'ಮಿನಿ ಡ್ಯಾಡ್' ಎಂಬ ಅಣಕದ ಹೆಸರೇ ಇದೆ.

ನಮ್ಮಲ್ಲೂ ಈ ಆಸಕ್ತಿ ಬಂದಿದೆ. 2015ರಲ್ಲಿ ಡಕಾರ್ ರ್‍ಯಾಲಿ ಪೂರ್ಣಗೊಳಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಬೆಳೆದದ್ದು ಮೋಟೋಕ್ರಾಸ್‌ನಿಂದಲೇ. ಹಾಗಾದರೆ ಮಗು ಬೈಕು ಕೇಳಿದಾಗ ಹೆತ್ತವರು ಏನು ಮಾಡಬೇಕು?

ಇಸ್ಲಾಮ್ ಸ್ಪರ್ಧೆಯನ್ನು ನಿಷೇಧಿಸಿಲ್ಲ. ಪ್ರವಾದಿ ಮುಹಮ್ಮದ್(ಸ)ರವರು ಮದೀನದಲ್ಲಿ ಕುದುರೆ ಓಟ ಏರ್ಪಡಿಸಿದ್ದರು. ಪಳಗಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾದವರೆಗೆ, ಸುಮಾರು ಐದಾರು ಮೈಲಿ. ಪಳಗದ ಕುದುರೆಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ, ಸುಮಾರು ಒಂದೇ ಮೈಲಿ. ಮೂಕಪ್ರಾಣಿಯ ಸಾಮರ್ಥ್ಯಕ್ಕೂ ಬೇರೆ ಅಳತೆ ಇಟ್ಟ ನಾಯಕರ ಅನುಯಾಯಿಗಳು ನಾವು. ಎಲ್ಲ ಮಕ್ಕಳನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ, ಪಕ್ಕದ ಮನೆಯವನ ಹೆಸರು ಹೇಳಿ ಓಡಿಸುವುದು ಸರಿಯೇ?

ಆ ಓಟದಲ್ಲಿ ಪಾಲ್ಗೊಂಡಿದ್ದ ಅಬ್ದುಲ್ಲಾ ಬಿನ್ ಉಮರ್(ರ) 14ರ ವಯಸ್ಸಿನಲ್ಲಿ ಉಹುದ್ ಯುದ್ಧಕ್ಕೆ ಮುಂದೆ ಬಂದಾಗ ಪ್ರವಾದಿ(ಸ)ರವರು ಅನುಮತಿ ಕೊಡಲಿಲ್ಲ. 15 ತುಂಬಿದ ಮೇಲೆ ಖಂದಕ್‌ಗೆ ಕೊಟ್ಟರು. ಹುಡುಗನ ಉತ್ಸಾಹವನ್ನು ಅವರು ತಿರಸ್ಕರಿಸಲಿಲ್ಲ, ವಯಸ್ಸಿಗಾಗಿ ಕಾಯಿಸಿದರು.

ಕಾಯುವುದಕ್ಕೆ ವೈದ್ಯಕೀಯ ಕಾರಣವೂ ಇದೆ. ಬೆಳೆಯುವ ಮಕ್ಕಳ ಮೂಳೆಗಳ ತುದಿ ಮೃದುವಾಗಿರುತ್ತದೆ. ಅಲ್ಲಿ ಪೆಟ್ಟಾದರೆ ಬೆಳವಣಿಗೆಯೇ ಕುಂಠಿತವಾಗಬಹುದು. ಒಂದೇ ಕ್ರೀಡೆಯಲ್ಲಿ ತೊಡಗಿದ ಮಕ್ಕಳಿಗೆ ವಾರದಲ್ಲಿ ಒಂದೆರಡು ದಿನ ಹಾಗೂ ವರ್ಷದಲ್ಲಿ ಒಟ್ಟು ಮೂರು ತಿಂಗಳು ಅದರಿಂದ ಬಿಡುವು ಬೇಕೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಸಲಹೆ ನೀಡುತ್ತದೆ.

ಬೈಕು ಮಗುವಿನ ಎತ್ತರಕ್ಕೆ ತಕ್ಕುದಾಗಿರಲಿ, ಕುಳಿತಾಗ ಕಾಲು ನೆಲಕ್ಕೆ ತಾಗಲಿ. ಈದ್‌ನ ಅಂಗಿಯನ್ನು ಮುಂದಿನ ವರ್ಷಕ್ಕೂ ಆಗಲೆಂದು ದೊಡ್ಡದು ಹೊಲಿಸುತ್ತೇವೆ. ಹೆಲ್ಮೆಟ್ ಹಾಗೆ ಕೊಳ್ಳಬಾರದು. ಸಡಿಲ ಹೆಲ್ಮೆಟ್ ತಲೆ ಕಾಯದು. ತಲೆಗೆ ಪೆಟ್ಟಾದರೆ ವೈದ್ಯರು ಒಪ್ಪುವವರೆಗೆ ಬೈಕು ಹತ್ತಿಸಬೇಡಿ. ದಿಬ್ಬವೊಂದಕ್ಕೆ ಮಗು ಹೆದರಿದರೆ ಹೇಡಿ ಎನ್ನಬೇಡಿ. ಆ ಹೆದರಿಕೆಯೂ ಅಲ್ಲಾಹನು ಕೊಟ್ಟ ರಕ್ಷಣೆಯೇ. "ನಿನಗಾಗಿ ಎಷ್ಟು ಖರ್ಚು ಮಾಡಿದ್ದೇವೆ ಗೊತ್ತಾ?" ಎಂಬ ಮಾತನ್ನಂತೂ ಆಡಲೇಬೇಡಿ. ಆ ಸಾಲವನ್ನು ಮಗು ಗೆದ್ದು ತೀರಿಸಲು ಹೊರಟರೆ ಬಿದ್ದೇ ಬೀಳುತ್ತದೆ.

ಟ್ರ್ಯಾಕಿನಲ್ಲಿ ಕಲಿತದ್ದನ್ನು ರಸ್ತೆಗೆ ತರಲೂ ಬಿಡಬಾರದು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ಮಕ್ಕಳು ರಸ್ತೆಯಲ್ಲಿ ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಸೆರೆ. ಸಜ್ಜಾದ ಟ್ರ್ಯಾಕ್ ಕೂಡಾ ಪೂರ್ಣ ಸುರಕ್ಷಿತವಲ್ಲ. 2023ರ ಆಗಸ್ಟ್‌ನಲ್ಲಿ ಚೆನ್ನೈ ಬಳಿಯ ಟಾರು ಟ್ರ್ಯಾಕಿನ ರೇಸಿನಲ್ಲಿ ಬೆಂಗಳೂರಿನ 13ರ ಬಾಲಕ ಬಿದ್ದು ಮೃತಪಟ್ಟ. ಆ ಹೆತ್ತವರ ನೋವಿಗೆ ಮಾತಿಲ್ಲ. ಅಪಾಯವನ್ನು ಅರಿತೇ ಒಪ್ಪಬೇಕು, ಅರಿತು ಬೇಡವೆನ್ನುವ ಹಕ್ಕೂ ತಾಯಿಗಿದೆ.

ಸೋಲು? ಪ್ರವಾದಿ(ಸ)ರವರ ಒಂಟೆ ಅದ್‌ಬಾ ಸೋಲೇ ಕಾಣದ್ದು. ಒಮ್ಮೆ ಹಳ್ಳಿಗನೊಬ್ಬನ ಎಳೆಯ ಒಂಟೆ ಅದನ್ನು ಹಿಂದಿಕ್ಕಿದಾಗ ಸಹಾಬಿಗಳು ನೊಂದರು. ಲೋಕದಲ್ಲಿ ಮೇಲೇರಿದ್ದನ್ನು ಅಲ್ಲಾಹನು ಇಳಿಸಿಯೇ ತೀರುತ್ತಾನೆ ಎಂದು ಪ್ರವಾದಿ(ಸ)ರವರು ಅವರನ್ನು ಸಮಾಧಾನಿಸಿದರು.

ಸಹೋದರಿಯರೇ, ನಿಮ್ಮ ಮಗುವಿನ ಓಟ ಬೈಕಿನದ್ದಿರಲಿ, ಪರೀಕ್ಷೆಯದ್ದಿರಲಿ, ಮುಗಿಸಿ ಬಂದಾಗ ಎಷ್ಟನೇ ಸ್ಥಾನ ಎಂದು ಕೇಳುವ ಮೊದಲು ನೀರು ಕೊಡಿ. "ಖುಷಿಯಾಯಿತಾ?" ಎಂದು ಕೇಳಿ. ಮಗು ನಮ್ಮ ಕೈಗೆ ಅಲ್ಲಾಹನು ಕೊಟ್ಟ ಅಮಾನತ್ತು. ನಮ್ಮ ಈಡೇರದ ಆಸೆಗಳನ್ನು ಹೊರಲು ಕೊಟ್ಟ ವಾಹನವಲ್ಲ.