ಕಬಡ್ಡಿಯ ಹಿಡಿತ: ಒಂದು ಅಂತಿಮ ಪಂದ್ಯದ ಹಿನ್ನೆಲೆ

2019ನೆಯ ಇಸವಿ ಜನವರಿ 5ರಂದು ಮುಂಬಯಿಯಲ್ಲಿ ಪ್ರೊ ಕಬಡ್ಡಿಯ ಆರನೆಯ ಆವೃತ್ತಿಯ ಅಂತಿಮ ಪಂದ್ಯ ನಡೆಯಿತು. ಎದುರಾದವು ಬೆಂಗಳೂರು ಬುಲ್ಸ್ ಮತ್ತು ಗುಜರಾತ್ ತಂಡಗಳು. ಎರಡಕ್ಕೂ ಹಳೆಯ ನೋವೊಂದಿತ್ತು. ಬೆಂಗಳೂರು 2015ರ ಅಂತಿಮ ಪಂದ್ಯದಲ್ಲಿ ಯು ಮುಂಬಾ ತಂಡಕ್ಕೆ ಸೋತಿತ್ತು. ಗುಜರಾತ್ 2017ರಲ್ಲಿ ಪಟ್ನಾ ತಂಡಕ್ಕೆ. ಮೊದಲರ್ಧದಲ್ಲಿ ಗುಜರಾತ್ ಮುಂದಿದ್ದಿತು. ಕಡೆಗೆ ಬೆಂಗಳೂರು 38-33ರಿಂದ ಗೆದ್ದಿತು. ಆ 38 ಅಂಕಗಳಲ್ಲಿ 22 ಪವನ್ ಸೆಹ್ರಾವತ್ ಒಬ್ಬರೇ ದಾಳಿಯಿಂದ ಗಳಿಸಿದವು.

ಏಳು ಮಂದಿ ಕಾದು ನಿಂತ ಅಂಕಣಕ್ಕೆ ಒಬ್ಬನೇ ನುಗ್ಗಿ, ಮುಟ್ಟಿ, ಹಿಂದಿರುಗುವುದು ಹೇಗೆ ಸಾಧ್ಯ? ಧೈರ್ಯ, ಅಭ್ಯಾಸಗಳ ಮಾತು ಇರಲಿ. ಭೌತವಿಜ್ಞಾನವೂ ಇಲ್ಲಿ ಒಂದಷ್ಟು ಹೇಳಬಲ್ಲದು.

ಪುರುಷರ ಅಂಕಣದ ಉದ್ದ 13 ಮೀಟರು, ಅಗಲ 10 ಮೀಟರು. ಮಧ್ಯರೇಖೆಯಿಂದ 3.75 ಮೀಟರು ಒಳಗೆ ಇನ್ನೊಂದು ಗೆರೆಯುಂಟು. ದಾಳಿಗಾರನು 30 ಸೆಕೆಂಡುಗಳ ತನ್ನ ಸರದಿಯಲ್ಲಿ ಯಾರನ್ನೂ ಮುಟ್ಟದಿದ್ದರೆ, ಆ ಗೆರೆಯನ್ನಾದರೂ ದಾಟಲೇಬೇಕು. ಅಲ್ಲಿಂದ ಸೆಕೆಂಡಿಗೆ 5 ಮೀಟರು ವೇಗದಲ್ಲಿ ಮರಳಿದರೆ ಮಧ್ಯರೇಖೆಗೆ ಮುಕ್ಕಾಲು ಸೆಕೆಂಡಿನ ದಾರಿ. ಕಣ್ಣು ಕಂಡದ್ದಕ್ಕೆ ಕೈ ಓಗೊಡಲು ಸುಮಾರು ಕಾಲು ಸೆಕೆಂಡು ಬೇಕು. ಹೀಗಾಗಿ ರಕ್ಷಕನು ನೋಡಿದ ಮೇಲೆ ಹಾರುವವನಲ್ಲ, ಊಹಿಸಿ ಹಾರುವವನು.

ಇನ್ನು ಸಂವೇಗದ ಲೆಕ್ಕ. ದಾಳಿಗಾರನ ತೂಕ 75 ಕಿಲೋಗ್ರಾಂ ಎನ್ನೋಣ. ಮೇಲಿನ ವೇಗದಲ್ಲಿ ಅವನ ಸಂವೇಗ 375 ಮಾನ. ನಿಂತಿದ್ದ 80 ಕಿಲೋಗ್ರಾಮಿನ ರಕ್ಷಕನೊಬ್ಬ ಬಿಗಿಯಾಗಿ ಅಪ್ಪಿದನೆಂದರೆ ಒಟ್ಟು ರಾಶಿ 155. ಇಬ್ಬರೂ ಸೆಕೆಂಡಿಗೆ 2.4 ಮೀಟರಿನಂತೆ ರೇಖೆಯತ್ತಲೇ ಸಾಗುತ್ತಾರೆ! ಮೂವರು ಅಪ್ಪಿದರೆ ವೇಗ 1.2ಕ್ಕೆ ಇಳಿಯುತ್ತದೆ, ಆದರೂ ಸೊನ್ನೆಯಾಗುವುದಿಲ್ಲ. ಉಳಿದುದನ್ನು ಕೊಲ್ಲಬೇಕಾದುದು ನೆಲದ ಘರ್ಷಣೆ. (ನಮ್ಮ ಹಾನಗಲ್ ಸೀಮೆಯ ಹೋರಿ ಹಬ್ಬದಲ್ಲಿ ಕೊಬ್ಬರಿ ಹಾರ ತೊಟ್ಟ ಹೋರಿಯ ಮುಂದೆ ಈ ಲೆಕ್ಕ ಎಷ್ಟು ನಿಷ್ಕರುಣಿಯೆಂಬುದು ಓದುಗರಿಗೆ ಗೊತ್ತೇ ಇದೆ.)

ಎಲ್ಲಿ ಹಿಡಿಯಬೇಕು ಎಂಬುದು ಇನ್ನೂ ಸ್ವಾರಸ್ಯದ ಪ್ರಶ್ನೆ. ಕಾಲಿನ ಗಿಣ್ಣು ಹಿಡಿದರೆ ಪಾದ ನಿಲ್ಲುತ್ತದೆ. ಆದರೆ ಗುರುತ್ವಕೇಂದ್ರವು ನೆಲದಿಂದ ಸುಮಾರು ಒಂದು ಮೀಟರು ಮೇಲೆ, ಹೊಟ್ಟೆಯ ಬಳಿ ಇದೆ. ಜಡತ್ವದಿಂದ ಅದು ಮುಂದಕ್ಕೇ ಸಾಗಲಾಗಿ ದೇಹ ಪಾದದ ಸುತ್ತ ತಿರುಗಿ ಬೋರಲು ಬೀಳುತ್ತದೆ. ಗಿಣ್ಣಿನಿಂದ ಚಾಚಿದ ಬೆರಳ ತುದಿಯವರೆಗೆ ಎರಡು ಮೀಟರಿಗೂ ಹೆಚ್ಚು ಉದ್ದ. ಎಂದರೆ ರೇಖೆಗೆ ಎರಡು ಮೀಟರಿನೊಳಗೆ ಗಿಣ್ಣು ಹಿಡಿದ ರಕ್ಷಕ, ಎದುರಾಳಿಯನ್ನು ತಾನೇ ಮನೆಗೆ ಕಳಿಸಿಕೊಟ್ಟಂತೆ. ಬೆರಳು ತಲುಪಿತೋ, ಹಿಡಿದವರೆಲ್ಲ ಔಟು! ಆದುದರಿಂದ ಗಿಣ್ಣಿನ ಹಿಡಿತ ಅಂಕಣದ ಒಳಭಾಗದಲ್ಲೇ ಆಗಬೇಕು, ಇಲ್ಲವೆ ಇನ್ನೊಬ್ಬ ಮುಂದಿನಿಂದ ಅಡ್ಡ ಬರಬೇಕು.

ತೊಡೆ ಅಥವಾ ಸೊಂಟ ಹಿಡಿದು ಎತ್ತುವುದು ಬೇರೆಯೇ ಉಪಾಯ. ನೆಲವನ್ನು ಒದ್ದಲ್ಲದೆ ಮನುಷ್ಯನು ಮುಂದಕ್ಕೆ ಹೋಗಲಾರನು. ಪಾದ ನೆಲ ಬಿಟ್ಟಿತೆಂದರೆ ಎಂಥ ಬಲಶಾಲಿಗೂ ಒದೆಯಲು ಆಧಾರವೇ ಇಲ್ಲ. ರಕ್ಷಕರ ತಲೆಯ ಮೇಲೆ ಹಾರುವ ದಾಳಿಗಾರನಿಗೂ ಇದೇ ಅಪಾಯ: ಜಿಗಿದ ಮೇಲೆ ಗುರುತ್ವಕೇಂದ್ರದ ಪಥ ನಿಶ್ಚಯವಾಗಿಬಿಡುತ್ತದೆ. ಯಾರಾದರೂ ಮುಟ್ಟುವವರೆಗೆ ಅದನ್ನು ಬದಲಿಸುವುದು ಅವನ ಕೈಯಲ್ಲಿಲ್ಲ.

ಇಂದಿನ ದೊಡ್ಡ ಪಂದ್ಯಗಳು ಮ್ಯಾಟಿನ ಮೇಲೆ, ರಬ್ಬರು ಅಟ್ಟೆಯ ಬೂಟು ತೊಟ್ಟು ನಡೆಯುತ್ತವೆ. ಸಡಿಲ ಮಣ್ಣಿನಲ್ಲಿ ಕಣಗಳು ಕಾಲಡಿ ಉರುಳುತ್ತವೆ. ಕಾಲನ್ನು ಓರೆಯಾಗಿ ಊರಿದಷ್ಟೂ ಜಾರುವ ಸಂಭವ ಹೆಚ್ಚು. ಅಲ್ಲಿ ಆಡುವವನು ಹೆಜ್ಜೆಗಳನ್ನು ಗಿಡ್ಡವಾಗಿಟ್ಟು, ಮೊಣಕಾಲು ಮಡಿಸಿ, ಗುರುತ್ವಕೇಂದ್ರವನ್ನು ತಗ್ಗಿಸಿಕೊಳ್ಳಬೇಕಾಗುತ್ತದೆ. ಮ್ಯಾಟಿನ ಮೇಲೆ ಪೂರ್ತಿ ವೇಗದಲ್ಲಿ ಓಡಿ ಒಮ್ಮೆಲೇ ತಿರುಗಬಹುದು. ಓಡುತ್ತಲೇ ಹಿಂಗೈಯಿಂದ ಮುಟ್ಟಿ ಹೋಗುವ ವರಸೆಗೆ ಬೇಕಾದುದೂ ಇಂಥ ನೆಲವೇ.