ಕ್ವಾಡ್ ಬೈಕಿನ ಕಾಲು ಎಷ್ಟು ಅಗಲ ಇರಬೇಕು?

ನಾವು ಮೆಕ್ಯಾನಿಕಲ್ ಓದುತ್ತೇವೆ ಅಂತ ಗೊತ್ತಾದ ಕೂಡಲೇ ನೈರೋಬಿಯ ಕನ್ನಡ ಮನೆಗಳಲ್ಲಿ ಒಂದಲ್ಲ ಒಂದು ರಿಪೇರಿಯ ಪ್ರಶ್ನೆ ಬರುತ್ತದೆ. ಮಿಕ್ಸಿ, ಇನ್ವರ್ಟರ್ ಆದಮೇಲೆ ಈಚೆಗೆ ಶುರುವಾಗಿರುವುದು ಕ್ವಾಡ್ ಬೈಕಿನ ವಿಚಾರ. ನಗರದ ಹೊರಗೆ ಜಮೀನು ಇರುವವರು, ವಾರಾಂತ್ಯಕ್ಕೆ ಕಾಡುದಾರಿ ಹುಡುಕುವವರು ಕೇಳುವುದು ಒಂದೇ: "ಗಾಡಿ ಓರೆದಾರಿಯಲ್ಲಿ ವಾಲುತ್ತೆ, ಭಯ ಆಗುತ್ತೆ. ಸಸ್ಪೆನ್ಷನ್ ಅಗಲ ಮಾಡಿಸಿಬಿಡೋಣವಾ?" ಅಗಲ ಮಾಡಿದರೆ ಲಾಭ ಇದೆ. ಆದರೆ ಎಷ್ಟು ಲಾಭ, ಅದಕ್ಕೆ ಕೊಡಬೇಕಾದ ಬೆಲೆ ಏನು ಅನ್ನೋದನ್ನು ಲೆಕ್ಕ ಹಾಕಿ ನೋಡಬೇಕು. ಇನ್ನೂರೈವತ್ತು, ಮುನ್ನೂರು ಕಿಲೋ ತೂಗುವ ಯಂತ್ರ ಮಗುಚಿ ಮೈಮೇಲೆ ಬಿದ್ದರೆ ಹೆಲ್ಮೆಟ್ ಒಂದೇ ಕಾಪಾಡುವುದಿಲ್ಲ.

ಮಗುಚುವುದು ಯಾಕೆ?

ಬೆಂಗಳೂರಿನ ಆಟೋವನ್ನೂ ಇಲ್ಲಿನ ಟುಕ್‌ಟುಕ್‌ಅನ್ನೂ ನೆನೆಸಿಕೊಳ್ಳಿ. ಎರಡಕ್ಕೂ ಮೂರು ಚಕ್ರ. ಚಕ್ರಗಳು ನೆಲ ಮುಟ್ಟುವ ಜಾಗಗಳನ್ನು ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನ ಆಗುತ್ತದೆ. ಗಾಡಿಯ ಗುರುತ್ವ ಕೇಂದ್ರದಿಂದ ನೇರ ಕೆಳಕ್ಕೆ ಬಿಟ್ಟ ತೂಗುದಾರ ಆ ತ್ರಿಕೋನದ ಒಳಗೆ ಬೀಳುವ ತನಕ ನಿಂತ ಗಾಡಿ ನಿಂತೇ ಇರುತ್ತದೆ. ಗೆರೆ ದಾಟಿತೋ, ಮಗುಚಿತು. ಮುಂದೆ ಒಂದೇ ಚಕ್ರ ಇರುವುದರಿಂದ ತ್ರಿಕೋನ ಮುಂದಕ್ಕೆ ಹೋದಂತೆ ಕಿರಿದಾಗುತ್ತದೆ. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಆಟೋ ಎಗರುವುದು ಇದಕ್ಕೇ.

ಎಟಿವಿಗಳ ಕಥೆ ಶುರುವಾದದ್ದೂ ಮೂರು ಚಕ್ರದಿಂದಲೇ. ಹೋಂಡಾ 1970ರಲ್ಲಿ ಅಮೆರಿಕದಲ್ಲಿ ಮೂರು ಚಕ್ರದ ಗಾಡಿ ಬಿಟ್ಟಿತು. ಅಪಘಾತಗಳು ಹೆಚ್ಚಿದ ಮೇಲೆ 1988ರಲ್ಲಿ ಅಲ್ಲಿನ ಸರ್ಕಾರದೊಂದಿಗೆ ಆದ ಒಪ್ಪಂದದಂತೆ ಕಂಪನಿಗಳು ಮೂರು ಚಕ್ರದವುಗಳ ಮಾರಾಟ ನಿಲ್ಲಿಸಿದವು. ನಾಲ್ಕು ಚಕ್ರ ಬಂದಾಗ ತ್ರಿಕೋನ ಹೋಗಿ ಚೌಕ ಬಂತು. ಅಗಲ ಮಾಡುವುದು ಅಂದರೆ ಈ ಚೌಕದ ಎರಡು ಪಕ್ಕಗಳನ್ನು ಹೊರಕ್ಕೆ ತಳ್ಳುವುದು, ಅಷ್ಟೆ.

ಲೆಕ್ಕ ಏನು ಹೇಳುತ್ತೆ?

ಎಡ ಮತ್ತು ಬಲ ಟೈರುಗಳ ನಡುಮಧ್ಯದ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ. ಬರುವ ಸಂಖ್ಯೆ ದೊಡ್ಡದಾದಷ್ಟೂ ಗಾಡಿ ಭದ್ರ. ಒಂದು ಉದಾಹರಣೆ ಇಟ್ಟುಕೊಳ್ಳೋಣ: ಚಕ್ರಗಳ ಅಂತರ 1000 ಮಿ.ಮೀ., ಸವಾರನೂ ಸೇರಿ ಗುರುತ್ವ ಕೇಂದ್ರದ ಎತ್ತರ 700 ಮಿ.ಮೀ. ಉತ್ತರ 0.71. ಅಂದರೆ ಸುಮಾರು 35.5 ಡಿಗ್ರಿ ಓರೆಯಲ್ಲಿ ಗಾಡಿ ಮಗುಚುತ್ತದೆ. ಪ್ರತಿ ಪಕ್ಕ 50 ಮಿ.ಮೀ. ಹೊರಕ್ಕೆ ತಂದು 1100 ಮಾಡಿದರೆ ಅದು 38.2 ಡಿಗ್ರಿ ಆಗುತ್ತದೆ. ಅಗಲವನ್ನು ಮುಟ್ಟದೆ ಗುರುತ್ವ ಕೇಂದ್ರವನ್ನೇ 50 ಮಿ.ಮೀ. ಕೆಳಗಿಳಿಸಿದರೆ 37.6 ಡಿಗ್ರಿ. ಎರಡೂ ಮಾಡಿದರೆ 40.2. ನಿಜವಾದ ದಾರಿಯಲ್ಲಿ ಟೈರ್ ಚಪ್ಪಟೆಯಾಗುತ್ತದೆ, ಕೆಳಪಕ್ಕದ ಸ್ಪ್ರಿಂಗ್ ಕುಗ್ಗುತ್ತದೆ. ಆದ್ದರಿಂದ ಎಲ್ಲಾ ಅಂಕಿಗಳೂ ಇನ್ನಷ್ಟು ಕಮ್ಮಿಯೇ.

ಈಗ ಸವಾರನನ್ನು ನೋಡಿ. ಗಾಡಿ 280 ಕಿಲೋ, ಸವಾರ 70 ಕಿಲೋ ಅಂದುಕೊಳ್ಳಿ. ಓರೆಯಲ್ಲಿ ಹೋಗುವಾಗ ಸವಾರ ಮೇಲ್ಪಕ್ಕಕ್ಕೆ 200 ಮಿ.ಮೀ. ಸರಿದು ಕೂತರೆ ಒಟ್ಟು ಗುರುತ್ವ ಕೇಂದ್ರ ಆ ಕಡೆಗೆ 40 ಮಿ.ಮೀ. ಸರಿಯುತ್ತದೆ. ಮಗುಚುವ ಕೋನ ಮತ್ತೆ 37.6ಕ್ಕೆ ಬರುತ್ತದೆ. ಅಂದರೆ ಒಂದು ಶಿಲ್ಲಿಂಗ್ ಖರ್ಚಿಲ್ಲದೆ, ಚಕ್ರಗಳ ಅಂತರ 80 ಮಿ.ಮೀ. ಹೆಚ್ಚಿಸಿದಷ್ಟು ಲಾಭ! ಇದರ ತದ್ವಿರುದ್ಧ: ಹಿಂದಿನ ಕ್ಯಾರಿಯರಿನಲ್ಲಿ ಒಂದು ಮೀಟರ್ ಎತ್ತರಕ್ಕೆ 30 ಕಿಲೋ ನೀರಿನ ಕ್ಯಾನ್ ಕಟ್ಟಿದರೆ ಸುಮಾರು ಒಂದು ಡಿಗ್ರಿ ಕಳೆದುಕೊಳ್ಳುತ್ತೀರಿ. ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡರೆ ಕೇಳುವುದೇ ಬೇಡ, ತೂಕವೂ ಏರುತ್ತೆ, ಮೈ ಸರಿಸಲು ಜಾಗವೂ ಇರುವುದಿಲ್ಲ.

ಎರಡು ದಾರಿ: ಸ್ಪೇಸರ್ ಮತ್ತು ಉದ್ದನೆಯ ಆರ್ಮ್

ಅಗ್ಗದ ದಾರಿ ವೀಲ್ ಸ್ಪೇಸರ್. ಹಬ್ ಮತ್ತು ಚಕ್ರದ ನಡುವೆ ಒಂದು ದಪ್ಪ ಲೋಹದ ಬಿಲ್ಲೆ ಕೂರಿಸುತ್ತಾರೆ. ಅರ್ಧ ದಿನದ ಕೆಲಸ. ಆದರೆ ಚಕ್ರ ಹೊರಕ್ಕೆ ಹೋದಷ್ಟೂ ಹಬ್, ಬೇರಿಂಗ್, ಬೋಲ್ಟುಗಳ ಮೇಲೆ ಬಾಗಿಸುವ ಬಲ ಹೆಚ್ಚುತ್ತದೆ. ಉದ್ದ ಹಿಡಿಯ ಸ್ಪ್ಯಾನರ್ ಇದ್ದರೆ ನಟ್ ಸಲೀಸಾಗಿ ತಿರುಗುತ್ತದಲ್ಲ, ಅದೇ ನ್ಯಾಯ ಇಲ್ಲಿ ನಮಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಮುಂದಿನ ಚಕ್ರಕ್ಕೆ ಸ್ಪೇಸರ್ ಹಾಕಿದರೆ ಹ್ಯಾಂಡಲ್ ತಿರುಗುವ ಅಕ್ಷದಿಂದ ಟೈರ್ ದೂರ ಹೋಗುತ್ತದೆ. ಬೇರಿಗೋ ಕಲ್ಲಿಗೋ ಒಂದು ಚಕ್ರ ಬಡಿದರೆ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋದ ಹಾಗಾಗುತ್ತದೆ.

ಸರಿಯಾದ ದಾರಿ ಉದ್ದನೆಯ ಎ-ಆರ್ಮ್. ಚಾಸಿಗೂ ಚಕ್ರಕ್ಕೂ ನಡುವೆ ಇರುವ, ಇಂಗ್ಲಿಷ್ ಎ ಅಕ್ಷರದಂತಿರುವ ಕೈಗಳನ್ನೇ ಬದಲಿಸುವುದು. ಆರ್ಮ್ ಒಂದನ್ನೇ ಬದಲಿಸಿದರೆ ಮುಗಿಯಲಿಲ್ಲ. ಟೈ ರಾಡ್ ಉದ್ದ ಬೇಕು, ಇಲ್ಲದಿದ್ದರೆ ಚಕ್ರ ಮೇಲೆ ಕೆಳಗೆ ಆಡಿದಾಗಲೆಲ್ಲ ತಾನಾಗಿಯೇ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಬ್ರೇಕ್ ಹೋಸ್ ಉದ್ದ ಬೇಕು. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಆಕ್ಸಲ್ ಕೂಡ ಉದ್ದ ಬೇಕು.

ಎಲ್ಲರೂ ಮರೆಯುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ಇದ್ದಲ್ಲೇ ಇದ್ದು ಆರ್ಮ್ ಮಾತ್ರ 400ರಿಂದ 450 ಮಿ.ಮೀ. ಆಯಿತು ಅನ್ನಿ. ಚಕ್ರದ ಬಳಿ ಸಿಗುವ ಸ್ಪ್ರಿಂಗಿನ ಬಿಗುವು ಈ ಅನುಪಾತದ ವರ್ಗದಂತೆ ಇಳಿಯುತ್ತದೆ. 400ನ್ನು 450ರಿಂದ ಭಾಗಿಸಿ ವರ್ಗ ಮಾಡಿದರೆ 0.79. ಅಂದರೆ ಸಸ್ಪೆನ್ಷನ್ ಐದರಲ್ಲಿ ಒಂದು ಪಾಲು ಮೆತ್ತಗಾಯಿತು. ಚಕ್ರದ ಅಂತರ ಹೆಚ್ಚಿದ್ದರಿಂದ ವಾಲದಂತೆ ತಡೆಯುವ ಶಕ್ತಿ ಅಂತರದ ವರ್ಗದಂತೆ, 1.21ರಷ್ಟು ಏರಬೇಕಿತ್ತು. ಎರಡನ್ನೂ ಗುಣಿಸಿದರೆ 0.96. ಕೈತುಂಬ ಖರ್ಚು ಮಾಡಿಯೂ ಗಾಡಿ ಮೊದಲಿಗಿಂತ ಒಂಚೂರು ಜಾಸ್ತಿಯೇ ವಾಲುತ್ತದೆ! ಮಗುಚುವ ಕೋನ ಹೆಚ್ಚಿರುತ್ತದೆ, ನಿಜ. ಆದರೆ ಸವಾರನ ಭಯ ಹೋಗಬೇಕಾದರೆ ಬಿಗಿ ಸ್ಪ್ರಿಂಗೂ ಬೇಕು.

ಇನ್ನೊಂದು ಮಾತು. ಕಿರಿನ್ಯಾಗಾ ರಸ್ತೆ ನೈರೋಬಿಯ ಜೆ.ಸಿ. ರಸ್ತೆ ಇದ್ದ ಹಾಗೆ, ಸ್ಪೇರ್ ಪಾರ್ಟ್ಸ್ ಏನು ಬೇಕಾದರೂ ಸಿಗುತ್ತದೆ. ಜುವಾ ಕಾಲಿ ಫುಂಡಿಗಳ ಕೈಚಳಕ ನಮಗೆಲ್ಲ ಗೊತ್ತು. ಗೇಟು, ಕ್ಯಾರಿಯರ್, ಸೈಲೆನ್ಸರ್ ಅವರ ಹತ್ತಿರವೇ ಮಾಡಿಸಿ. ಆದರೆ ಹಳೆಯ ಎ-ಆರ್ಮನ್ನು ನಡುವೆ ಕತ್ತರಿಸಿ ಪೈಪ್ ತುಂಡು ಸೇರಿಸಿ ವೆಲ್ಡ್ ಮಾಡಿಸುವ ಕೆಲಸ ಮಾತ್ರ ಬೇಡ. ವೆಲ್ಡಿನ ಪಕ್ಕದ ಉಕ್ಕು ಬಿಸಿಗೆ ಗುಣ ಬದಲಿಸಿಕೊಳ್ಳುತ್ತದೆ. ದಾರಿಯುದ್ದಕ್ಕೂ ಬಾಗಿ ಬಾಗಿ ಒಂದು ದಿನ ಅಲ್ಲೇ ಬಿರುಕು ಬಿಡುತ್ತದೆ. ನಿಂತ ಗಾಡಿಯಲ್ಲಿ ಅದು ಗೊತ್ತಾಗುವುದಿಲ್ಲ, ಗೊತ್ತಾಗುವುದು ಇಳಿಜಾರಿನಲ್ಲಿ. ನಿಮ್ಮ ಮಾಡೆಲ್ಲಿಗೇ ಮಾಡಿದ ಪೂರ್ತಿ ಕಿಟ್ ಸಿಕ್ಕರೆ ಹಾಕಿಸಿ, ಇಲ್ಲದಿದ್ದರೆ ಬಿಡಿ.

ಕಾಡಿನಲ್ಲಿ ಅಗಲವೇ ಶತ್ರು

ಬಯಲಿನಲ್ಲಿ ಅಗಲ ಒಳ್ಳೆಯದು. ಕಾಡಿನಲ್ಲಿ ಮರಗಳಿವೆ. 1000 ಮಿ.ಮೀ. ಅಂತರಕ್ಕೆ ಟೈರಿನ ಅಗಲ 200 ಸೇರಿಸಿದರೆ ಗಾಡಿಯ ಒಟ್ಟು ಅಗಲ 1200. ಎರಡು ಮರಗಳ ನಡುವೆ 1300 ಇದ್ದರೆ ಪಕ್ಕಕ್ಕೆ 50 ಮಿ.ಮೀ. ಉಳಿಯುತ್ತದೆ. ನಮ್ಮ ಕಿಟ್ ಹಾಕಿದ ಮೇಲೆ ಉಳಿಯುವುದು ಸೊನ್ನೆ. ಅಮೆರಿಕದ ಅರಣ್ಯ ಇಲಾಖೆಯ ಎಷ್ಟೋ ದಾರಿಗಳಲ್ಲಿ 50 ಅಂಗುಲ, ಅಂದರೆ 1270 ಮಿ.ಮೀ. ಮೀರಿದ ಗಾಡಿಗೆ ಪ್ರವೇಶವೇ ಇಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಸಡಿಲ ಮಣ್ಣಿನ ತಿರುವಿನಲ್ಲಿ ವೇಗ ಹೆಚ್ಚಾದರೆ ಸಾಮಾನ್ಯವಾಗಿ ಗಾಡಿ ಮಗುಚುವ ಮೊದಲು ಜಾರುತ್ತದೆ. ಜಾರುವ ಟೈರು ಬೇರಿಗೆ ಸಿಕ್ಕಿಕೊಂಡರೆ ಎಡವಿದ ಮನುಷ್ಯನಂತೆ ಪಲ್ಟಿ ಹೊಡೆಯುತ್ತದೆ. ಅಗಲವಾದ ಗಾಡಿ ಹೆಚ್ಚು ಬೇರುಗಳನ್ನು ಹುಡುಕಿಕೊಂಡು ಹೋಗುತ್ತದೆ. ಕಡಿದಾದ ಏರಿನಲ್ಲಿ ಹಿಂದಕ್ಕೆ ಮಗುಚುವ ಅಪಾಯಕ್ಕಂತೂ ಅಗಲದಿಂದ ಏನೂ ಪ್ರಯೋಜನವಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಗಾಡಿಯ ಉದ್ದ ಮತ್ತು ಸವಾರ ಮುಂದಕ್ಕೆ ಬಾಗುವುದು.

ಮಣ್ಣನ್ನೂ ನೋಡಬೇಕು. ನೈರೋಬಿಯ ಪಶ್ಚಿಮ, ಉತ್ತರ ದಿಕ್ಕಿನಲ್ಲಿ ಕೆಂಪು ಮಣ್ಣು, ಆಥಿ ಬಯಲಿನ ಕಡೆ ನಮ್ಮ ಧಾರವಾಡ, ಗದಗಿನಂಥ ಎರೆ ಮಣ್ಣು. ಮಾರ್ಚಿನಿಂದ ಮೇವರೆಗಿನ ದೊಡ್ಡ ಮಳೆಯಲ್ಲಿ ಎರೆ ಮಣ್ಣು ಟೈರಿಗೆ ಮೆತ್ತಿಕೊಂಡರೆ ಯಾವ ಸಸ್ಪೆನ್ಷನ್ನೂ ಕೆಲಸ ಮಾಡದು. ಕರೂರಾ ಕಾಡಂತೂ ನಡೆಯುವವರ, ಸೈಕಲ್ಲಿನವರ ಕಾಡು. ವಂಗಾರಿ ಮಾಥಾಯಿ ಹೋರಾಡಿ ಉಳಿಸಿದ ಆ ಮರಗಳ ನಡುವೆ ನಮ್ಮ ಅಗಲದ ಪ್ರಯೋಗ ಬೇಡ.

ಗಾಡಿ ಮತ್ತು ಕಾಡು ಜಗಳವಾಡಲೇಬೇಕು ಅಂತೇನಿಲ್ಲ. ಕೀನ್ಯಾದಲ್ಲಿ 1989ರಿಂದ ನಡೆಯುವ ರೈನೋ ಚಾರ್ಜ್ ಸ್ಪರ್ಧೆಯಲ್ಲಿ ವೇಗಕ್ಕೆ ಬಹುಮಾನ ಇಲ್ಲ. ಹತ್ತು ಗಂಟೆಯೊಳಗೆ ಪೊದೆ, ಕಲ್ಲು, ಕೊರಕಲು ದಾಟಿ ಎಲ್ಲ ಕಾವಲು ಠಾಣೆಗಳನ್ನೂ ಅತಿ ಕಡಿಮೆ ದೂರ ಕ್ರಮಿಸಿ ಮುಟ್ಟಿದವರು ಗೆಲ್ಲುತ್ತಾರೆ. ಅದರಿಂದ ಕೂಡಿದ ಹಣ ಅಬರ್ಡೇರ್ ಕಾಡಿನ ಸುತ್ತ ಸುಮಾರು 400 ಕಿ.ಮೀ. ವಿದ್ಯುತ್ ಬೇಲಿಗೆ ನೆರವಾಯಿತು. ಬೇಲಿ 2009ರಲ್ಲಿ ಪೂರ್ತಿಯಾಯಿತು. ಊರಲ್ಲಿ ಬಾಹಾ ಸ್ಪರ್ಧೆಗೆ ಎಟಿವಿ ಕಟ್ಟುವ ಇಂಜಿನಿಯರಿಂಗ್ ಹುಡುಗ ಹುಡುಗಿಯರೂ ಅಗಲ, ಎತ್ತರ, ತೂಕಗಳ ಇದೇ ಹಗ್ಗಜಗ್ಗಾಟದಲ್ಲಿ ರಾತ್ರಿ ಕಳೆಯುತ್ತಾರೆ.

ಹಾಗಾದರೆ ಏನು ಮಾಡಬೇಕು?

ನಾವು ಹೇಳುವ ಕ್ರಮ ಇದು. ಮೊದಲು ಕ್ಯಾರಿಯರಿನ ಭಾರ ಇಳಿಸಿ, ಒಬ್ಬರೇ ಕೂತುಕೊಳ್ಳಿ. ಆಮೇಲೆ ಟೈರಿನ ಗಾಳಿ ನೋಡಿ: ಕಾರಿನಂತೆ 30 ಅಲ್ಲ, ಬಹುತೇಕ ಕ್ವಾಡ್‌ಗಳಿಗೆ 4ರಿಂದ 7 ಪಿಎಸ್‌ಐ ಸಾಕು, ಕೈಪಿಡಿಯಲ್ಲಿ ಇರುವುದೇ ಅಂತಿಮ. ಎಡಬಲ ಒಂದೇ ಇರಲಿ. ಸವೆದ ಬುಷ್, ಸೋರುವ ಶಾಕ್ ಬದಲಿಸಿ. ಎಷ್ಟೋ ಸಲ ವಾಲುವ ಕಾಯಿಲೆ ಅಲ್ಲೇ ಇರುತ್ತದೆ. ಮೈ ಸರಿಸುವುದನ್ನು ಬಯಲಿನಲ್ಲಿ ಕಲಿಯಿರಿ. ಇಷ್ಟಾದ ಮೇಲೂ ಬೇಕೆನಿಸಿದರೆ ನೀವು ಹೋಗುವ ದಾರಿಯ ಅತಿ ಕಿರಿದಾದ ಜಾಗವನ್ನು ಟೇಪಿನಲ್ಲಿ ಅಳೆದು, ಅದರೊಳಗೆ ಹಿಡಿಸುವಷ್ಟೇ ಅಗಲ ಮಾಡಿಸಿ. ಮುಂದೆ ಹಿಂದೆ ಎರಡೂ ಕಡೆ ಮಾಡಿಸಿ. ಮುಂದೆ ಮಾತ್ರ ಅಗಲ ಮಾಡಿದರೆ ಚೌಕ ಮತ್ತೆ ತ್ರಿಕೋನದತ್ತ ವಾಲುತ್ತದೆ, ಹಿಂಬದಿ ಕಿರಿದಾಗಿಯೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಮೊದಲ 50 ಕಿ.ಮೀ. ಆದಾಗ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿ ಮಾಡಿ.

ಟೇಪು ಬೇಕಿದ್ದರೆ ನಮ್ಮಲ್ಲಿದೆ, ಲೆಕ್ಕದ ಹಾಳೆಯೂ ಇದೆ. ಗಾಡಿಯ ತೂಕ ಮತ್ತು ಅಳತೆ ತಂದರೆ ಕೂತು ಲೆಕ್ಕ ಹಾಕಿಕೊಡುತ್ತೇವೆ. ಚಹಾ ನಿಮ್ಮದು.